160 ಗ್ರಾಂ (ಭಾಗ 4: ಅಪ್ಪನ ಅಂಗಡಿ)

ಹೋದ ಭಾಗದಲ್ಲಿ ಹಾಕಿದ್ದ ಕತ್ತರಿ ಫೋಟೋಗೆ ಬಂದ ಕಾಮೆಂಟ್‌ಗಳಲ್ಲಿ ಅರ್ಧಕ್ಕರ್ಧ "ಯಾವ ಲೆನ್ಸ್?" ಅಂತಾನೇ ಇತ್ತು. ಕ್ಯಾನನ್ 50 ಎಂಎಂ ಎಫ್ 1.8 ಎಸ್‌ಟಿಎಂ. 2015ರಲ್ಲಿ ಬಂದ ಮಾಡೆಲ್. ನಾನು ತಗೊಂಡಿದ್ದು ಸೆಕೆಂಡ್ ಹ್ಯಾಂಡ್, 5,500 ರೂಪಾಯಿಗೆ. ಇಷ್ಟು ಸಾಕು ಅನ್ನೋರು ಸ್ವೈಪ್ ಮಾಡ್ಕೊಂಡು ಫೋಟೋ ನೋಡಿ. ಉಳಿದವರಿಗೆ ಪೂರ್ತಿ ಕಥೆ ಹೇಳ್ತೀನಿ.

ನಮ್ಮಪ್ಪ ಟೈಲರ್. ಹಾಸನದಲ್ಲಿ ಒಂದು ಗಲ್ಲಿ, ಅದರಲ್ಲಿ 8 ಅಡಿ ಅಗಲ, 10 ಅಡಿ ಉದ್ದದ ಅಂಗಡಿ, ಒಂದೇ ಒಂದು ಟ್ಯೂಬ್‌ಲೈಟ್. ನಾನು ಹುಟ್ಟೋ ಮುಂಚಿನಿಂದ ಅಲ್ಲೇ ಇದೆ. ಹೋದ ವರ್ಷ ದೀಪಾವಳಿ ಆದ್ಮೇಲೆ ಕಟ್ಟಡದ ಓನರ್ ಬಂದು, ಎಲ್ಲಾ ಒಡೆದು ಹೊಸದಾಗಿ ಕಟ್ತೀವಿ, ಯುಗಾದಿಯೊಳಗೆ ಖಾಲಿ ಮಾಡ್ಕೊಡಿ ಅಂದ್ರು. ಅಪ್ಪ "ಆಯ್ತು ಬಿಡಿ" ಅಂದು ಮತ್ತೆ ಮೆಷಿನ್ ತುಳಿಯೋಕೆ ಶುರು ಮಾಡಿದ್ರು. ನನಗೆ ಮಾತ್ರ ಅವತ್ತು ನಿದ್ದೆ ಬರಲಿಲ್ಲ. ಕಾಲೇಜ್ ಫೆಸ್ಟು, ಗೆಳೆಯರ ಬೈಕು, ಸೂರ್ಯಾಸ್ತ ಅಂತ ಸಾವಿರಾರು ಫೋಟೋ ತೆಗೆದಿದ್ದೀನಿ. ಅಂಗಡಿಯಲ್ಲಿ ಅಪ್ಪ ಕೂತಿರೋ ಫೋಟೋ ಒಂದೂ ಇರಲಿಲ್ಲ.

ಮೊದಲ ಸಲ ಕಿಟ್ ಲೆನ್ಸ್ ತಗೊಂಡು ಹೋದೆ. 18-55, ಕ್ಯಾಮೆರಾ ಜೊತೆ ಡಬ್ಬಿಯಲ್ಲೇ ಬರುತ್ತಲ್ಲ, ಅದೇ. ರಾತ್ರಿ ಎಂಟು ಗಂಟೆ. 55ಕ್ಕೆ ಜೂಮ್ ಮಾಡಿದ್ರೆ ಆ ಲೆನ್ಸ್ ಎಫ್ 5.6ಕ್ಕಿಂತ ಅಗಲಕ್ಕೆ ತೆರೆಯಲ್ಲ. ಐಎಸ್‌ಒ 1600 ಇಟ್ರೂ ಶಟರ್ 1/10 ಸೆಕೆಂಡಿಗೆ ಇಳೀತು. ಫೋಟೋದಲ್ಲಿ ಗೋಡೆ ಶಾರ್ಪ್, ಕ್ಯಾಲೆಂಡರ್ ಶಾರ್ಪ್, ಅಪ್ಪನ ಕೈ ಇರಬೇಕಾದ ಜಾಗದಲ್ಲಿ ಬಿಳಿ ಹೊಗೆ. ಸ್ಟೆಬಿಲೈಸೇಷನ್ ಇತ್ತಲ್ವಾ ಅಂತ ಕೇಳ್ತೀರ. ಇತ್ತು. ಅದು ನನ್ನ ಕೈ ನಡುಕವನ್ನ ತಡೀಬಹುದು, ಅಪ್ಪನ ಕೈ ಓಡೋದನ್ನ ತಡೆಯಲ್ಲ. ಐಎಸ್‌ಒ 6400ಕ್ಕೆ ಏರಿಸಿದ್ರೆ ನನ್ನ ಹಳೇ ಬಾಡಿಯಲ್ಲಿ ಮುಖದ ಮೇಲೆಲ್ಲ ರಾಗಿ ಹಿಟ್ಟು ಚೆಲ್ಲಿದ ಹಾಗೆ. ಫ್ಲಾಶ್ ಹೊಡೆದೆ. ಅಪ್ಪ ಕೆಲಸ ನಿಲ್ಲಿಸಿ, ಕಾಲರ್ ಸರಿ ಮಾಡ್ಕೊಂಡು, ಪಾಸ್‌ಪೋರ್ಟ್ ಸೈಜ್ ಫೋಟೋಗೆ ಕೂತ ಹಾಗೆ ಕೂತ್ರು.

ಲೆಕ್ಕ ಸಿಂಪಲ್. ಎಫ್ 5.6ನ್ನ 1.8ರಿಂದ ಭಾಗಿಸಿ ವರ್ಗ ಮಾಡಿ: ಹೆಚ್ಚುಕಮ್ಮಿ 10 ಪಟ್ಟು ಬೆಳಕು. 1/10 ಇದ್ದ ಶಟರ್ 1/100 ಆಗುತ್ತೆ. ನಮ್ಮ ಕರೆಂಟ್ 50 ಹರ್ಟ್ಜ್, ಹಳೇ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿಣುಕುತ್ತೆ. ಹಾಗಾಗಿ ಅಲ್ಲಿ 1/100 ಒಳ್ಳೇ ನಂಬರ್. ಅದಕ್ಕಿಂತ ಫಾಸ್ಟ್ ಹೋದ್ರೆ ಒಂದೊಂದು ಫೋಟೋಗೆ ಒಂದೊಂದು ಬಣ್ಣ, ಅಡ್ಡಡ್ಡ ಪಟ್ಟೆ.

ದುಡ್ಡು ಕಮ್ಮಿ ಬಿತ್ತು. ಕಿಟ್ ಲೆನ್ಸನ್ನ ಜೂನಿಯರ್ ಒಬ್ಬನಿಗೆ 2,000ಕ್ಕೆ ಮಾರಿದೆ. ಈ ಮಾತು ನೆನಪಿಟ್ಕೊಳ್ಳಿ, ಮುಂದೆ ಬರುತ್ತೆ.

ಹೊಸ ಲೆನ್ಸ್ ಕೈಗೆ ಬಂದಾಗ ಅನುಮಾನವೇ ಬಂತು. ಸುಮಾರು 160 ಗ್ರಾಂ. ಒಂದು ಲೋಟ ಕಾಫಿ ಇದಕ್ಕಿಂತ ಭಾರ. ಆದ್ರೆ ನನಗೆ ಉಪಕಾರ ಮಾಡಿದ್ದೇ ಅದರ ಪುಟ್ಟ ಸೈಜು. ಕುತ್ತಿಗೇಲಿ ನೇತಾಕ್ಕೊಂಡು ಸ್ಟೂಲ್ ಮೇಲೆ ಕೂತೆ, ಒಂದು ಗಂಟೆ ಸುಮ್ನೆ ಗುಂಡಿ ಹಾಕ್ಕೊಟ್ಟೆ. ಬ್ಲೌಸ್ ಅಳತೆ ಕೊಡೋಕೆ ಬಂದ ಆಂಟಿಯರೂ ತಲೆ ಕೆಡಿಸ್ಕೊಳ್ಳಲಿಲ್ಲ (ಅವರ ಫೋಟೋ ತೆಗೀಲಿಲ್ಲ, ಅದು ಬೇರೆ ವಿಷ್ಯ). ಅಪ್ಪ ನನ್ನ ಮರೆತ್ರು. ಬಾಯಲ್ಲಿ ಸೂಜಿ ಕಚ್ಕೊಂಡು ದಾರ ಹುಡುಕ್ತಿರೋ ಎರಡನೇ ಫೋಟೋ ಆಗ ಸಿಕ್ಕಿದ್ದು.

ಸೀನಿಯರ್‌ಗಳು "50 ಅಂದ್ರೆ ಕಣ್ಣು ಕಂಡ ಹಾಗೆ, ಕಾರ್ತಿಯೇ-ಬ್ರೆಸಾನ್ ಅದನ್ನೇ ಬಳಸ್ತಿದ್ದ" ಅಂತಾರೆ. ಹೌದು, ಆದ್ರೆ ಆತನ ಲೈಕಾದಲ್ಲಿದ್ದಿದ್ದು 35 ಎಂಎಂ ಫಿಲ್ಮು. ನಮ್ಮ ಕ್ಯಾನನ್ ಕ್ರಾಪ್ ಸೆನ್ಸರ್‌ನಲ್ಲಿ 1.6ರಿಂದ ಗುಣಿಸಿ, 80ರ ಲೆಕ್ಕ. ಮುಖಕ್ಕೆ, ಕೈಗೆ ಚೆಂದ. ರೂಮಿಗೆ ಕಷ್ಟ.

ಇನ್ನೊಂದು ನನ್ನದೇ ತಪ್ಪು. ದುಡ್ಡು ಕೊಟ್ಟಿದ್ದೀನಿ ಅಂತ ಮೊದಲ ವಾರ ಪೂರ್ತಿ 1.8ರಲ್ಲೇ ಹೊಡೆದೆ. ಒಂದು ಮೀಟರ್ ದೂರದಿಂದ ತೆಗೆದ್ರೆ ಫೋಕಸ್ ಇರೋದು ಮೂರು ಸೆಂಟಿಮೀಟರಿನೊಳಗೆ. ಅಪ್ಪನ ಕನ್ನಡಕದ ಫ್ರೇಮ್ ಶಾರ್ಪ್, ಕಣ್ಣು ಮಸುಕು. ನಲವತ್ತು ಫೋಟೋ ಹಾಗೇ ಹೋಯ್ತು. ಆಮೇಲೆ 2.8ಕ್ಕೆ ಇಳಿಸಿ, ಐಎಸ್‌ಒ ಸ್ವಲ್ಪ ಏರಿಸಿ, ಅಪ್ಪ ದಾರ ಕಡಿಯೋಕೆ ಒಂದು ಕ್ಷಣ ನಿಲ್ಲೋವಾಗ ಕ್ಲಿಕ್ ಮಾಡೋದು ಕಲಿತೆ. ಜೂಮ್ ಇಲ್ದೇ ಇದ್ದಿದ್ದಕ್ಕೆ ನಾನೇ ಎದ್ದು ಹತ್ರ ಹೋಗ್ಬೇಕಿತ್ತು. ಇಪ್ಪತ್ತು ವರ್ಷದಲ್ಲಿ ಅಪ್ಪನ ಬೆರಳನ್ನ ಅಷ್ಟು ಹತ್ರದಿಂದ ನೋಡಿರಲಿಲ್ಲ. ತೋರುಬೆರಳಿನ ಉಗುರಲ್ಲಿ ಒಂದು ಹಳೇ ಸೀಳು ಇದೆ. ಮೆಷಿನ್ ಸೂಜಿ ಒಳಗೆ ಹೋಗಿತ್ತಂತೆ, ನಾನು ಎಲ್‌ಕೆಜಿಯಲ್ಲಿದ್ದಾಗ. ಅದೇ ಯೂನಿಫಾರ್ಮ್ ಸೀಸನ್ನು, ಮರುದಿನಾನೂ ಅಂಗಡಿ ತೆಗೆದಿದ್ರು.

ಕೊನೇ ದಿನ ಅಪ್ಪ ಅವರಾಗೇ ಕೇಳಿದ್ರು: "ಇಡೀ ಅಂಗಡಿ ಬರೋ ಹಂಗೆ ಒಂದು ಹೊಡಿ. ಬೋರ್ಡು, ಮೆಷಿನ್ನು, ಕಪಾಟು, ಎಲ್ಲ ಬರಲಿ."

ಬರಲಿಲ್ಲ. 8 ಅಡಿ ಅಗಲ ಈ ಲೆನ್ಸಿಗೆ ಹಿಡೀಬೇಕಂದ್ರೆ 18 ಅಡಿ ಹಿಂದೆ ನಿಲ್ಲಬೇಕು, ಬೋರ್ಡೂ ಸೇರಿದ್ರೆ ಇನ್ನೂ ದೂರ. ಒಳಗಿರೋದೇ 10 ಅಡಿ. 18 ಎಂಎಂ ಇದ್ದ ಲೆನ್ಸು ಜೂನಿಯರ್ ಜೊತೆ ಮೈಸೂರಲ್ಲಿತ್ತು. ಫೋನ್‌ನಲ್ಲಿ ಒಂದು ತೆಗೆದೆ. ಆಮೇಲೆ ಗಲ್ಲಿ ದಾಟಿ ಎದುರಿನ ಗೋಡೆಗೆ ಬೆನ್ನು ಕೊಟ್ಟು ನಿಂತೆ. ಕ್ಯಾಮೆರಾನ ಉದ್ದಕ್ಕೆ ತಿರುಗಿಸಿದ್ರೆ ಬೋರ್ಡಿಂದ ಮೆಟ್ಟಿಲ ತನಕ ಬಂತು, ಎರಡೂ ಪಕ್ಕ ಕಟ್ ಆಯ್ತು. ಕಪಾಟು ಹೋಯ್ತು. ಅಪ್ಪ ಮಧ್ಯದಲ್ಲಿ, ಬೆರಳಷ್ಟು.

ಅದೇ ಕೊನೇ ಸ್ಲೈಡ್. ಅಪ್ಪನಿಗೆ ತೋರಿಸಿದಾಗ ಝೂಮ್ ಮಾಡಿ ಮಾಡಿ ನೋಡಿ, "ಕಪಾಟೆಲ್ಲೋ?" ಅಂದ್ರು.

ಹೊಸ ಅಂಗಡಿ ಈಗ ಮನೆಯ ಮುಂದಿನ ರೂಮು. ಕಿಟಕಿ ಬೆಳಕು ಚೆನ್ನಾಗಿದೆ. ಭಾಗ 5 ಅಲ್ಲಿಂದ.

#ಅಪ್ಪನಅಂಗಡಿ #50ಎಂಎಂ #ಹಾಸನ