ಲಕ್ಷ್ಮಿಗೆ ಎಷ್ಟು ಅಕ್ಷರ?

ಶಿರಸಿಯ ಅಡಿಕೆ ಮಂಡಿಯೊಂದಕ್ಕೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದುಕೊಟ್ಟಿದ್ದೆ. ಮೊದಲ ದಿನವೇ ಫೋನು: "ತಮ್ಮಾ, ಚೀಟೀಲಿ ವಿಜಯಲಕ್ಷ್ಮಿ ಹೆಸರು ಅರ್ಧಕ್ಕೇ ನಿಂತಿದ್ಯಲ್ಲ!" ನೋಡಿದರೆ 'ವಿಜಯಲಕ್'.

ನಮ್ಮ ಕಣ್ಣಿಗೆ 'ಲಕ್ಷ್ಮಿ' 2 ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ 7: ಲ, ಕ, ವಿರಾಮ (ಅರ್ಧಾಕ್ಷರದ ಗುರುತು), ಷ, ಮತ್ತೆ ವಿರಾಮ, ಮ, ಗುಡಿಸು. ಜಾಗ ಸಾಲದೆ ನನ್ನ ಕೋಡು ಒತ್ತಕ್ಷರದ ನಡುವೆಯೇ ಕತ್ತರಿ ಹಾಕಿತ್ತು. ರಾತ್ರಿ ಕೂತು ಸರಿಮಾಡಿದೆ. ಆ 40 ಸಾಲಿನ ಕೋಡನ್ನು, ಮಂಡಿಯವರನ್ನು ಕೇಳಿ, ಎಂಐಟಿ ಲೈಸೆನ್ಸ್ ಹಾಕಿ ಗಿಟ್‌ಹಬ್‌ಗೆ ಏರಿಸಿದೆ. ಕನ್ನಡದ ಹೆಸರು ಇನ್ನೆಲ್ಲೂ ತುಂಡಾಗಬಾರದು.

ಮೊನ್ನೆ ಗುರುತಿಲ್ಲದ ಯಾರೋ ತಿದ್ದುಪಡಿ ಕಳಿಸಿದ್ದಾರೆ. 'ರ‍್ಯಾಂಕ್' ಬರೆಯುವಾಗ ರಕಾರದ ಪಕ್ಕ ಕೂರುವ, ಕಣ್ಣಿಗೆ ಕಾಣದ ಜೋಡಿಸುವ ಚಿಹ್ನೆಯನ್ನು ನಾನು ಮರೆತೇಬಿಟ್ಟಿದ್ದೆ. ಎಷ್ಟು ಖುಷಿಯಾಯಿತು! ಸೇರಿಸಿ, ಮಂಡಿಗೂ ಹೊಸ ಆವೃತ್ತಿ ಹಾಕಿಕೊಟ್ಟೆ.