ಗುಡ್ಡದ ಬೈಸಿಕಲ್ಲು

ಬೈಸಿಕಲ್ಲೆಂದರೆ ಅಂಗಡಿಯಲ್ಲಿ ಬೆಲೆ ಕೊಟ್ಟು ತಂದು, ಅರಿಸಿನ ಕುಂಕುಮವನ್ನಿಟ್ಟು, ಮುಂದಣ ಚಕ್ರದಡಿಯಲ್ಲಿ ಒಂದು ನಿಂಬೆಯ ಹಣ್ಣನ್ನು ಅರೆದು, ಹತ್ತಿ ಹೊರಡತಕ್ಕ ವಸ್ತುವೆಂದೇ ಗೃಹಸ್ಥರಲ್ಲಿ ಅನೇಕರು ತಿಳಿದಿರುವರು. ಅದನ್ನು ಎಲುಬೊಂದು ಕಡೆಯಿಂದ, ಕೀಲೊಂದು ಕಡೆಯಿಂದ ತರಿಸಿ, ಮನೆಯ ಪಡಸಾಲೆಯಲ್ಲಿ ಕುಳಿತು ಕೂಡಿಸತಕ್ಕವರೂ ಉಂಟು. ಅರಸೀಕೆರೆಯಲ್ಲಿ ನಮ್ಮೊಡನಿರುವ ತಮ್ಮನು ಆ ಪಂಗಡಕ್ಕೆ ಸೇರಿದವನು. ಮಾಲೇಕಲ್ಲು ತಿರುಪತಿಯ ಬೆಟ್ಟದ ಬುಡದ ಕಾಲುದಾರಿಗಳಲ್ಲಿ ಅವನು ತುಳಿಯದ ದಾರಿಯಿಲ್ಲ. ಕಳೆದ ವರ್ಷ ಬೆಂಗಳೂರಿನಿಂದ ಒಂದು ಬರಿಯ ಚೌಕಟ್ಟನ್ನು ತರಿಸಿದನು. ಅದು ಬಂದ ಹದಿನೆಂಟನೆಯ ದಿನ ಅವನಿಗೆ ಎದೆನೋವು ಕಾಣಿಸಿತು. ಎದೆಯನ್ನು ತೆರೆದು ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಅವನಿಗೆ ಆಗ ನಲವತ್ತಾರು ವರ್ಷ.

ಮನೆಗೆ ಬಂದ ಮೇಲೆ ವೈದ್ಯರು ವಿಧಿಸಿದ ನಿಯಮಗಳಲ್ಲಿ, ಎದೆಯ ಮೂಳೆ ಕೂಡಿಕೊಳ್ಳುವ ತನಕ ಭಾರವನ್ನೆತ್ತಬಾರದೆಂಬುದು ಮೊದಲನೆಯದು. ನೀರಿನ ಕೊಡವಿಲ್ಲ, ಅಕ್ಕಿಯ ಚೀಲವಿಲ್ಲ, ಮಗುವನ್ನು ಕೂಡ ಎತ್ತಿಕೊಳ್ಳುವಂತಿಲ್ಲ. ಆದರೆ ಗೋಡೆಯ ಮೊಳೆಗೆ ತೂಗುಹಾಕಿದ್ದ ಆ ಚೌಕಟ್ಟನ್ನು ಎತ್ತಬಹುದಾಗಿತ್ತು. ಏಕೆಂದರೆ ಅದರ ತೂಕ ೧,೨೦೦ ಗ್ರಾಂ, ಎಂದರೆ ನಮ್ಮೂರಿನ ಸಂತೆಯ ಎರಡು ಸುಲಿದ ತೆಂಗಿನಕಾಯಿಗಳಷ್ಟು. ಅವನು ಬೆಳಗ್ಗೆ ಅದನ್ನಿಳಿಸಿ ತೊಡೆಯ ಮೇಲಿಟ್ಟುಕೊಂಡು ಒರೆಸಿ, ಮತ್ತೆ ತೂಗುಹಾಕುವನು. ಮಾತಿಲ್ಲ. ಅವನ ಹೆಂಡತಿಗೆ ಅದನ್ನು ನೋಡಲಾಗುತ್ತಿರಲಿಲ್ಲ. ನಮ್ಮೆದುರಿಗೆ ನೇರವಾಗಿ ಆಡುವ ಸ್ವಭಾವ ಆಕೆಯದಲ್ಲ. ನಾವು ಊಟಕ್ಕೆ ಕುಳಿತಾಗ ನಮ್ಮ ತಾಯಿಯವರನ್ನುದ್ದೇಶಿಸಿ, “ಅತ್ತೆ, ಅದನ್ನು ಯಾರಿಗಾದರೂ ಮಾರಿಬಿಡಬೇಕಂತೆ ಅಂತ ಭಾವನವರಿಗೆ ಹೇಳಿ” ಎಂದಳು. ತಾಯಿಯವರು ನಮ್ಮ ಮುಖವನ್ನು ನೋಡಿದರು. ನಾವು ಸಾರನ್ನು ಹಾಕಿಸಿಕೊಂಡೆವು.

ಈ ಜಾತಿಯ ಬೈಸಿಕಲ್ಲಿನ ಪೂರ್ವೋತ್ತರವನ್ನು ಇಲ್ಲಿ ಸ್ವಲ್ಪ ಹೇಳಬೇಕು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಟಮಲ್ಪಾಯಿಸ್ ಎಂಬ ಬೆಟ್ಟವಿದೆ. ೧೯೭೦ರ ದಶಕದಲ್ಲಿ ಅಲ್ಲಿಯ ಕೆಲವರು ಯುವಕರು ಹಳೆಯ ಭಾರದ ಬೈಸಿಕಲ್ಲುಗಳನ್ನೇರಿ ಮಣ್ಣುದಾರಿಯಲ್ಲಿ ಇಳಿಯುವ ಪಂದ್ಯವನ್ನು ಹೂಡಿದರು. ಇಳಿದು ಮುಗಿಯುವಷ್ಟರಲ್ಲಿ ಹಿಂದಣ ಬ್ರೇಕಿನೊಳಗಿನ ಗ್ರೀಸೆಲ್ಲ ಹೊಗೆಯಾಗಿ ಹೋಗಿ, ಮತ್ತೆ ತುಂಬಬೇಕಾಗುತ್ತಿತ್ತಂತೆ. ಆದಕಾರಣ ೧೯೭೬ರಲ್ಲಿ ಆರಂಭವಾದ ಆ ಪಂದ್ಯಕ್ಕೆ ‘ರೀಪ್ಯಾಕ್’ ಎಂದೇ ಹೆಸರಾಯಿತು. ಅದೇ ಆಟವು ೧೯೯೬ರ ಅಟ್ಲಾಂಟ ಒಲಿಂಪಿಕ್ಸಿನಲ್ಲಿ ಸ್ಥಾನವನ್ನು ಪಡೆಯಿತು. ಮುಂಭಾಗದಲ್ಲಿ ಮಾತ್ರ ಕುಲುಕನ್ನು ನುಂಗುವ ಫೋರ್ಕು ಇದ್ದು ಹಿಂಭಾಗವು ಬಿಗಿಯಾಗಿರುವ ಮಾದರಿಗೆ ‘ಹಾರ್ಡ್‌ಟೇಲ್’ ಎನ್ನುವರು. ಗಟ್ಟಿಬಾಲವೆಂದು ಅರ್ಥ ಹೇಳಿದಾಗ ನಮ್ಮ ತಾಯಿಯವರು, “ಹಾಗಾದರೆ ನಿನ್ನ ತಮ್ಮನಿಗೆ ತಕ್ಕದ್ದೇ” ಎಂದರು.

ಕಾರ್ಬನ್ ಎಂಬ ಪದಾರ್ಥವು ಲೋಹವಲ್ಲ. ತಲೆಗೂದಲಿಗಿಂತ ಎಷ್ಟೋ ಪಾಲು ಸಣ್ಣದಾದ ಎಳೆಗಳ ಹಾಳೆಗಳನ್ನು ಅಂಟಿನಲ್ಲಿ ನೆನೆಯಿಸಿ, ಅಚ್ಚಿನಲ್ಲಿ ಪದರಪದರವಾಗಿ ಹಾಸಿ, ಕಾವು ಒತ್ತಡಗಳನ್ನು ಕೊಟ್ಟು ಗಟ್ಟಿಮಾಡುವರು. ತೆಂಗಿನ ನಾರನ್ನು ಹೊಸೆದು ಹಗ್ಗ ಮಾಡುವ ಸೀಮೆಯವರಿಗೆ ಇದರ ಮರ್ಮವನ್ನು ವಿವರಿಸಬೇಕಾಗಿಲ್ಲ. ಎಳೆಯ ಉದ್ದಕ್ಕೆ ಜಗ್ಗಿದರೆ ಅದು ಆನೆಯನ್ನೂ ತಡೆದೀತು. ಅಡ್ಡಲಾಗಿ ಅಮುಕಿದರೆ ಮಾತ್ರ ಒಳಗೊಳಗೇ ಸೀಳಿ, ಹೊರಗೆ ಬಣ್ಣವು ನೆಟ್ಟಗಿದ್ದರೂ ಒಂದು ದಿನ ಕೈಕೊಡುವುದು. ಆದುದರಿಂದ ಸೀಟಿನ ಕಂಬವನ್ನು ಹಿಡಿಯುವ ತಿರುಪನ್ನು ತೋಳಿನ ಅಂದಾಜಿನಿಂದ ಬಿಗಿಯಲಾಗದು. ಇಷ್ಟೇ ಬಲವೆಂದು ತೋರಿಸುವ ಟಾರ್ಕ್ ರೆಂಚು ಬೇಕು. ನಮ್ಮ ಚೌಕಟ್ಟಿನ ಮೇಲೆ ೫ ನ್ಯೂಟನ್ ಮೀಟರೆಂದು ಅಚ್ಚಾಗಿತ್ತು. ಕಂಬವು ಜಾರದಿರಲೆಂದು ಗ್ರೀಸಿಗೆ ಬದಲಾಗಿ ಮರಳಿನಂತೆ ತರಿತರಿಯಾದ ಒಂದು ಲೇಪವನ್ನು ಹಚ್ಚುವರು.

ಮೂರು ತಿಂಗಳು ಕಳೆದ ಮೇಲೆ ವೈದ್ಯರು ತಮ್ಮನ ಎದೆಯನ್ನು ಪರೀಕ್ಷಿಸಿ, ನಡೆಯಬಹುದು, ಕೆಲವು ವಾರಗಳಲ್ಲಿ ಮಟ್ಟಸವಾದ ದಾರಿಯಲ್ಲಿ ಬೈಸಿಕಲ್ಲನ್ನೂ ತುಳಿಯಬಹುದು ಎಂದರು. ಆ ದಿನವೇ ನಾವು ಚೌಕಟ್ಟನ್ನು ಮೊಳೆಯಿಂದಿಳಿಸಿದೆವು. ಅವನು ಕುಳಿತು ಹೇಳುವುದು, ನಾವು ಮಾಡುವುದು. ಇದು ಕರಾರು.

ಪೆಡಲಿನ ಅಚ್ಚು ಕೂರುವ ಬೇರಿಂಗಿನ ಬಟ್ಟಲುಗಳಿಂದ ಆರಂಭವಾಯಿತು. ಅಂಗುಲಕ್ಕೆ ೨೪ ಸುತ್ತಿನ ಥ್ರೆಡ್ಡು, ಬಿ.ಎಸ್.ಎ. ಎಂದು ಅದರ ಹೆಸರು. ಬರ್ಮಿಂಗ್‌ಹ್ಯಾಮಿನ ಬಂದೂಕಿನ ಕಾರ್ಖಾನೆಯೊಂದು ಬೈಸಿಕಲ್ಲನ್ನೂ ಮಾಡತೊಡಗಿ, ತನ್ನ ಹೆಸರನ್ನು ಈ ತಿರುಪಿಗೆ ಬಿಟ್ಟುಹೋಯಿತು. ರೈಲು ನಿಲ್ದಾಣದ ಹಾದಿಯಲ್ಲಿ ಪಂಕ್ಚರು ಹಾಕುವ ವೃದ್ಧರೊಬ್ಬರು ಈ ವಿಚಿತ್ರವನ್ನು ನೋಡಲು ಬಂದಿದ್ದರು. ಚೌಕಟ್ಟನ್ನು ಬೆರಳಿನಿಂದ ತಟ್ಟಿ, “ಇದೇನು ಬುದ್ಧಿ, ಸೋರೆಬುರುಡೆ!” ಎಂದು ನಕ್ಕವರು, ಬಲಗಡೆಯ ಬಟ್ಟಲನ್ನು ಕೈಗೆ ತೆಗೆದುಕೊಂಡೊಡನೆ ಗಂಭೀರರಾದರು. “ಬಲಗಡೆಯದು ಉಲ್ಟಾ. ನಮ್ಮ ಕಾಲದ್ದೂ ಹೀಗೇ” ಎಂದು ಎಡಕ್ಕೆ ತಿರುಗಿಸಿ ಸಲೀಸಾಗಿ ಕೂರಿಸಿದರು. ತುಳಿಯುವಾಗಿನ ಸುತ್ತಾಟಕ್ಕೆ ಬಟ್ಟಲು ಸಡಿಲವಾಗದಂತೆ ಬಲಗಡೆಯ ಥ್ರೆಡ್ಡನ್ನು ಹಿಮ್ಮುಖವಾಗಿ ಕೊರೆದಿರುವರು. ಎಡಗಡೆಯ ಪೆಡಲೂ ಹಾಗೆಯೇ. ಕೂಲಿಯನ್ನು ಕೊಡಹೋದರೆ ವೃದ್ಧರು ಕಾಫಿಯನ್ನು ಮಾತ್ರ ಕುಡಿದರು.

ಹಲ್ಲುಚಕ್ರದ ವಿಷಯದಲ್ಲಿ ಮಾತು ಬೆಳೆಯಿತು. ಮುಂದೆ ೩೪ ಹಲ್ಲಿನದನ್ನು ಹಾಕಬೇಕೆಂದು ಅವನ ಹಳೆಯ ಪಟ್ಟಿಯಲ್ಲಿತ್ತು. ಅದು ವೇಗದ ಲೆಕ್ಕ. ಹಿಂದಣ ಅತಿ ದೊಡ್ಡ ಚಕ್ರಕ್ಕೆ ೫೧ ಹಲ್ಲು. ಆ ಜೋಡಿಯಲ್ಲಿ ಪೆಡಲನ್ನೊಂದು ಸುತ್ತು ತಿರುಗಿಸಿದರೆ ಬೈಸಿಕಲ್ಲು ಸುಮಾರು ಒಂದೂವರೆ ಮೀಟರು ಮುಂದಕ್ಕೆ ಹೋಗುವುದು. ಮುಂದೆ ೩೦ ಹಲ್ಲಿನದಾದರೆ ಅದಕ್ಕಿಂತ ಗೇಣು ಕಡಿಮೆ ಹೋಗುವುದು, ಆದರೆ ಏರಿನಲ್ಲಿ ಎದೆಗೆ ಅಷ್ಟು ಹಗುರ. ತಮ್ಮನು ಕಾಗದದ ಮೇಲೆ ಗುಣಿಸಿ ಭಾಗಿಸಿ, ಬಹಳ ಹೊತ್ತು ಸುಮ್ಮನಿದ್ದು, ೩೪ನ್ನು ಹೊಡೆದುಹಾಕಿ ೩೦ ಎಂದು ಬರೆದನು.

ಎಲ್ಲಕ್ಕಿಂತ ಕಷ್ಟವಾದುದು ಫೋರ್ಕಿನ ಕೊಳವೆಯನ್ನು ಕತ್ತರಿಸುವ ಕೆಲಸ. ಫೋರ್ಕು ಬರುವಾಗ ಅದರ ಮೇಲ್ಕೊಳವೆಯು ಬೇಕಾದುದಕ್ಕಿಂತ ಉದ್ದವಾಗಿರುವುದು. ಸವಾರನ ಮೈಗೆ ತಕ್ಕಂತೆ ಅಳೆದು ಗರಗಸದಿಂದ ಕೊಯ್ಯಬೇಕು. ತಗ್ಗಿಗೆ ಕೊಯ್ದರೆ ಹ್ಯಾಂಡಲು ಕೆಳಗಿಳಿದು, ಸವಾರನು ಬೆನ್ನನ್ನು ಬಾಗಿಸಿ ಗಾಳಿಯನ್ನು ಸೀಳುವನು. ಅದು ಪಂದ್ಯದ ಭಂಗಿ. ಮೇಲಕ್ಕೆ ಬಿಟ್ಟರೆ ನೆಟ್ಟಗೆ ಕುಳಿತು, ಎದೆಯನ್ನರಳಿಸಿ ಉಸಿರಾಡಬಹುದು. ತಮ್ಮನು ಮೊದಲು ತಗ್ಗಿನಲ್ಲಿ ಗೆರೆಯನ್ನೆಳೆದನು. ನಾವು ಗರಗಸವನ್ನು ಹಿಡಿದು ಕುಳಿತೆವು. ಅಡಿಗೆಯ ಮನೆಯ ಬಾಗಿಲಲ್ಲಿ ಆಕೆ ನಿಂತಿದ್ದಳು. “ಅಣ್ಣ, ಸ್ವಲ್ಪ ತಾಳು” ಎಂದು ಅವನು ಕೈಯಿಂದ ಕೊಳವೆಯನ್ನು ಮುಚ್ಚಿಕೊಂಡನು. ಆ ಮೇಲೆ ಎರಡು ಬೆರಳಷ್ಟು ಮೇಲಕ್ಕೆ ಇನ್ನೊಂದು ಗೆರೆಯನ್ನೆಳೆದು, ಕೆಳಗಣದನ್ನು ಉಗುರಿನಿಂದ ಅಳಿಸತೊಡಗಿದನು. “ಮುಂದೆ ಬೇಕಾದರೆ ಇನ್ನೂ ಕೊಯ್ಯಬಹುದು. ಕೊಯ್ದದ್ದನ್ನು ಹೊಲಿಯುವುದಕ್ಕಾಗುವುದಿಲ್ಲ” ಎಂದನು. ಕೊಳವೆಯ ಅರದ ಪುಡಿಯನ್ನು ಗುಡಿಸಲು ಆಕೆಯೇ ಪೊರಕೆಯನ್ನು ತಂದಳು. ಮಾರುವ ಮಾತು ಅಂದಿನಿಂದ ಊಟದ ಹೊತ್ತಿನಲ್ಲಿ ಏಳಲಿಲ್ಲ.

ಉಳಿದ ಕೆಲಸಗಳು ಒಂದು ವಾರದಲ್ಲಿ ಮುಗಿದುವು. ನಮ್ಮ ಸೀಮೆಯ ಜಾಲಿಯ ಮುಳ್ಳಿಗೆ ಯಾವ ಟ್ಯೂಬೂ ನಿಲ್ಲದು. ಆದುದರಿಂದ ಟ್ಯೂಬನ್ನೇ ಬಿಟ್ಟು, ಟೈರಿನೊಳಗೆ ರಬ್ಬರಿನ ಹಾಲಿನಂಥ ದ್ರವವನ್ನು ಹೊಯ್ದೆವು. ಮುಳ್ಳು ಚುಚ್ಚಿದೊಡನೆ ಅದು ತಾನೇ ಹೆಪ್ಪುಗಟ್ಟಿ ತೂತನ್ನು ಮುಚ್ಚುವುದು. ಎಲ್ಲವೂ ಕೂಡಿದಾಗ ತೂಕ ೧೧ ಕಿಲೋ.

ಹಳೇಬೀಡಿನಿಂದ ಬೇಲೂರಿಗೆ ೧೬ ಕಿಲೋಮೀಟರು. ಮೊದಲ ಸವಾರಿಗೆ ಅಷ್ಟೇ ಸಾಕೆಂದು ನಿಶ್ಚಯವಾಯಿತು. ಹೊಸದನ್ನೂ ನಮ್ಮ ಹಳೆಯ ಕಪ್ಪು ಬೈಸಿಕಲ್ಲನ್ನೂ ಕಾರಿನ ನೆತ್ತಿಗೆ ಬಿಗಿದು, ಕ್ರಿಕೆಟ್ಟಿನ ದೆಸೆಯಿಂದ ಲೋಕಪ್ರಸಿದ್ಧವಾದ ಜಾವಗಲ್ಲಿನ ಮೇಲೆ ಮುಂಜಾನೆಯೇ ಹಳೇಬೀಡನ್ನು ಸೇರಿದೆವು. ೨೦೨೩ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಗುಡಿಗಳು ಯುನೆಸ್ಕೋ ಪಟ್ಟಿಗೆ ಸೇರಿದುವಷ್ಟೆ. ಯಾತ್ರಿಕರು ಹೊಯ್ಸಳೇಶ್ವರನ ಗುಡಿಯನ್ನು ಮುತ್ತುವರು. ೧೧೩೩ರಲ್ಲಿ ಬೊಪ್ಪದೇವನು ಕಟ್ಟಿಸಿದ ಪಾರ್ಶ್ವನಾಥ ಬಸದಿಯ ಕಡೆಗೆ ಸುಳಿಯುವವರು ಕಡಮೆ. ನಮ್ಮ ತಮ್ಮನು ನೇರವಾಗಿ ಅಲ್ಲಿಗೆ ಹೋದನು. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೃದುವಾಗಿದ್ದು ಗಾಳಿಗೆ ಗಟ್ಟಿಯಾಗುವುದು. ಅದನ್ನು ಚರಕಿಯಲ್ಲಿ ಕಡೆದು, ಮುಖ ಕಾಣುವಂತೆ ನುಣುಪು ಮಾಡಿದ ಕಂಬಗಳು ಅಲ್ಲಿವೆ. ಬಳೆಬಳೆಯಾದ ಒಂದು ಅಂಚಿನ ಮೇಲೆ ಬೆರಳನ್ನೋಡಿಸಿ, “ನಮ್ಮ ಬೇರಿಂಗಿನ ಬಟ್ಟಲಿಗೆ ಈ ನಯವಿಲ್ಲ” ಎಂದನು. ಅದು ಅಂದು ಅವನಾಡಿದ ಮೊದಲ ಮಾತು.

ಸವಾರಿಗೆ ವೈದ್ಯರ ನಿಯಮವೊಂದಿತ್ತು: ಮಾತನಾಡುತ್ತ ತುಳಿಯಲಾಗುವಷ್ಟೇ ತುಳಿಯತಕ್ಕದ್ದು, ಮಾತು ಕಡಿದರೆ ಇಳಿಯತಕ್ಕದ್ದು. ಹುಟ್ಟುಮೌನಿಯಾದ ನಮ್ಮ ತಮ್ಮನಿಗೆ ಇದಕ್ಕಿಂತ ಘೋರವಾದ ಪಥ್ಯವಿಲ್ಲ. ಹಿಂದೆ ಕಾರಿನಲ್ಲಿ ಆಕೆಯೂ ತಾಯಿಯವರೂ ಬರುತ್ತಿದ್ದರು. ಅವನ ತಲೆ ಅಲುಗುತ್ತಿದೆಯೋ ಇಲ್ಲವೋ ಎಂಬುದರ ಮೇಲೆಯೇ ಅವರ ಕಣ್ಣು. ಮೊದಲ ಮೈಲಿಯಲ್ಲಿ ಅಡಿಕೆಯ ಧಾರಣೆಯನ್ನು ಕುರಿತು ಮಾತನಾಡಿದನು. ಬಳಿಕ ಶಾಲೆಯ ಮೇಷ್ಟರುಗಳನ್ನೆಲ್ಲ ನೆನೆದನು. ವಿಷಯಗಳು ಮುಗಿದಾಗ ಬೈಸಿಕಲ್ಲಿನ ಭಾಗಗಳ ಹೆಸರನ್ನು ಸಹಸ್ರನಾಮದಂತೆ ಹೇಳತೊಡಗಿದನು. ಒಂದು ಏರಿನ ನಡುವೆ ಮಾತು ನಿಂತಿತು. ಹಿಂದೆ ಕಾರೂ ನಿಂತಿತು. ಅವನು ನಮ್ಮ ಕಡೆಗೆ ನೋಡಲಿಲ್ಲ. ಇಳಿದು, ಹ್ಯಾಂಡಲನ್ನು ಹಿಡಿದು ನಡೆದನು. ನಾವೂ ಇಳಿದು ನಡೆದೆವು. ಏರು ಮುಗಿದ ಮೇಲೆ ಒಂದು ಹುಣಿಸೆಯ ಮರದ ನೆರಳಲ್ಲಿ ಹತ್ತು ನಿಮಿಷ ನಿಂತು, “ಹೂಂ, ಎಲ್ಲಿಗೆ ಬಿಟ್ಟಿದ್ದೆ?” ಎಂದು ಮತ್ತೆ ಹತ್ತಿದನು.

೧೧೧೭ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವನ ಗೋಪುರವು ಕಾಣಿಸಿಕೊಂಡಾಗ ಗಂಟೆ ಹತ್ತು ಹೊಡೆದಿರಬಹುದು. ದರ್ಶನವಾಗಿ ಹೊರಗೆ ಬಂದ ಮೇಲೆ ಆಕೆ ಬೈಸಿಕಲ್ಲನ್ನು ಮೊಟ್ಟಮೊದಲು ಹತ್ತಿರದಿಂದ ಸುತ್ತಿ ನೋಡಿದಳು. “ಇಷ್ಟು ದುಡ್ಡು ಹಾಕಿ ಇದಕ್ಕೆ ಒಂದು ಬೆಲ್ಲೂ ಇಲ್ಲವಲ್ಲ” ಎಂದು ತಾಯಿಯವರಿಗೆ ಹೇಳಿ, ಪೇಟೆಯ ಸೈಕಲ್ ಷಾಪಿಗೆ ತಾನೇ ಹೋಗಿ, ಹೊಳೆಯುವ ದೊಡ್ಡ ಬೆಲ್ಲೊಂದನ್ನು ತಂದಳು. ಹ್ಯಾಂಡಲಿನ ನಡುಭಾಗವು ಬಲು ದಪ್ಪ. ಬೆಲ್ಲಿನ ಪಟ್ಟಿ ಅಲ್ಲಿ ಕೂಡದು. ಕೊನೆಗೆ ಬ್ರೇಕಿನ ಪಕ್ಕದ ಸಣ್ಣ ಜಾಗದಲ್ಲಿ, ಟಾರ್ಕ್ ರೆಂಚು ಊರಿನಲ್ಲಿದ್ದುದರಿಂದ ಕೈಯ ಅಂದಾಜಿನಲ್ಲೇ ಮೆಲ್ಲಗೆ ಬಿಗಿದೆವು. ಅವನು ಒಂದು ಸಲ ಬಾರಿಸಿ ನೋಡಿದನು. ಆಕೆ ಎರಡು ಸಲ ಬಾರಿಸಿದಳು.