ನಿಲ್ಲದೆ ಓಡುವ ಸೋಮಾರಿ

ಉರ್ದು ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿ ಕನ್ನಡ ಹೈಸ್ಕೂಲಿಗೆ ಬಂದ ನಮಗೆ ವಿಜ್ಞಾನದ ಪಾಠವೆಂದರೆ ಹಳೆಯ ಪದ ಬಿಟ್ಟು ಹೊಸದನ್ನು ಹಿಡಿಯುವ ಕೆಲಸ. 'ಹರಕತ್' ಹೋಗಿ ಚಲನೆ ಬಂತು, 'ಕುವ್ವತ್' ಹೋಗಿ ಬಲ ಬಂತು. ತೊಡಕಾದದ್ದು ಜಡತ್ವ. ಉರ್ದುವಿನಲ್ಲಿ ಅದು 'ಜುಮೂದ್', ಅಂದರೆ ಹೆಪ್ಪುಗಟ್ಟಿದ ಸ್ಥಿತಿ. ಸಮುದಾಯ ಮುಂದೆ ಹೋಗುತ್ತಿಲ್ಲವೆಂದು ಜಲ್ಸಾಗಳಲ್ಲಿ ಬೈಯುವವರ ಬಾಯಲ್ಲಿ ಕೇಳಿದ್ದ ಪದ. ಕನ್ನಡದ 'ಜಡ'ವೂ ಅದರ ತಮ್ಮನೇ. ಪುಸ್ತಕ ಮಾತ್ರ, ಓಡುತ್ತಿರುವ ವಸ್ತು ತಡೆ ಇಲ್ಲದಿದ್ದರೆ ಓಡುತ್ತಲೇ ಇರುತ್ತದೆ, ಅದೇ ಜಡತ್ವ ಎನ್ನುತ್ತಿತ್ತು. ಎಂದೂ ನಿಲ್ಲದವನಿಗೆ ಸೋಮಾರಿ ಎಂದು ಹೆಸರಿಟ್ಟವರು ಯಾರು?

ಇಟ್ಟವನು ಜರ್ಮನಿಯ ಯೊಹಾನೆಸ್ ಕೆಪ್ಲರ್. ಲ್ಯಾಟಿನ್ನಿನ 'ಇನರ್ಷಿಯಾ' ಎಂದರೆ ಸೋಮಾರಿತನವೇ. 1630ರಲ್ಲಿ ತೀರಿಕೊಂಡ ಅವನ ಲೆಕ್ಕದಲ್ಲಿ ಹೆಸರು ಸರಿಯಾಗಿಯೇ ಇತ್ತು. ಗ್ರಹಗಳನ್ನು ಸೂರ್ಯನ ಶಕ್ತಿ ತಳ್ಳುತ್ತಿರಬೇಕು, ಬಿಟ್ಟರೆ ಇದ್ದಲ್ಲೇ ನಿಂತುಬಿಡುತ್ತವೆ. ಎತ್ತಿನಗಾಡಿ ನೋಡಿದ ಯಾರಾದರೂ ಹೀಗೇ ಹೇಳಿಯಾರು.

ಸ್ವಾರಸ್ಯವೆಂದರೆ ಇದಕ್ಕೆ ಎದುರಾದ ಮಾತು ಬಹಳ ಹಿಂದೆಯೇ ಹುಟ್ಟಿತ್ತು. ಶೂನ್ಯದಲ್ಲಿ ಚಲಿಸುವ ವಸ್ತು ನಿಲ್ಲಲು ಕಾರಣವೇ ಇಲ್ಲ ಎಂದಿದ್ದ ಅರಿಸ್ಟಾಟಲ್. ಎಸೆದ ಕಲ್ಲಿನೊಳಗೆ 'ಮೈಲ್' ಎಂಬ ಒಲವು ಸೇರುತ್ತದೆ, ಗಾಳಿಯಂಥ ಅಡ್ಡಿ ಇಲ್ಲದಿದ್ದರೆ ಅದು ಸವೆಯದು ಎಂದ 1037ರಲ್ಲಿ ತೀರಿಕೊಂಡ ಇಬ್ನ್ ಸೀನಾ. ನಮ್ಮಲ್ಲಿ ಕೆಲವರು ಇಷ್ಟನ್ನೇ ಹಿಡಿದು, ನ್ಯೂಟನ್ನನ ನಿಯಮ ನಮ್ಮವರದೇ ಎಂದು ಎದೆ ತಟ್ಟಿಕೊಳ್ಳುತ್ತಾರೆ. ಮುಂದಿನ ವಾಕ್ಯವನ್ನೂ ಓದಬೇಕಲ್ಲ! ಹೀಗೆ ಎಂದೆಂದಿಗೂ ಓಡುವ ವಸ್ತು ಎಲ್ಲೂ ಕಾಣದು, ಆದ್ದರಿಂದ ಶೂನ್ಯವೇ ಇಲ್ಲ ಎಂಬುದು ಇಬ್ಬರ ತೀರ್ಮಾನ. ಇಬ್ನ್ ಸೀನಾರ ದೊಡ್ಡತನ ಇದರಿಂದ ಕುಗ್ಗುವುದಿಲ್ಲ. ಆದರೆ ಅವರು ಅಸಾಧ್ಯವೆಂದು ಬದಿಗಿಟ್ಟದ್ದನ್ನು ಬೇರೆಯವರು ಕೈಗೆತ್ತಿಕೊಂಡರು.

ಗೆಲಿಲಿಯೊ ಅದನ್ನು ಎತ್ತಿಕೊಂಡ ಬಗೆ ಕತೆ ಬರೆಯುವ ನಮಗೆ ಬಲು ಇಷ್ಟ. 1632ರ ಅವನ ಸಂವಾದ ಪಂಡಿತರ ಲ್ಯಾಟಿನ್ನಿನಲ್ಲಿಲ್ಲ, ಜನರ ಇಟಾಲಿಯನ್ನಿನಲ್ಲಿದೆ. ಅದರಲ್ಲಿ ಸಿಂಪ್ಲಿಚಿಯೊ ಅರಿಸ್ಟಾಟಲನ ಕಟ್ಟಾ ಶಿಷ್ಯ. ಸಾಲ್ವಿಯಾತಿ ಅವನಿಗೆ ಏನನ್ನೂ ಬೋಧಿಸುವುದಿಲ್ಲ, ಬರೀ ಕೇಳುತ್ತಾನೆ. ನುಣುಪಾದ ಇಳಿಜಾರಿನಲ್ಲಿ ಗುಂಡು ಏನಾಗುತ್ತದೆ? ವೇಗ ಹೆಚ್ಚುತ್ತದೆ. ಏರಿನಲ್ಲಿ? ಕಡಿಮೆಯಾಗುತ್ತದೆ. ಇಳಿಜಾರೂ ಅಲ್ಲ, ಏರೂ ಅಲ್ಲ ಎಂದಾದರೆ? ಹೆಚ್ಚಲೂ ಕಾರಣವಿಲ್ಲ, ಕುಗ್ಗಲೂ ಕಾರಣವಿಲ್ಲ. ಹಾಗಾದರೆ ಆ ನೆಲಕ್ಕೆ ಕೊನೆಯೇ ಇರದಿದ್ದರೆ? ಚಲನೆಗೂ ಕೊನೆಯಿಲ್ಲ ಎಂದು ಸಿಂಪ್ಲಿಚಿಯೊ ತಾನೇ ಒಪ್ಪುತ್ತಾನೆ. ಎದುರಾಳಿಯ ಬಾಯಿಂದಲೇ ಸತ್ಯ ಹೊರಡಿಸುವ ಈ ಕಲೆ ಮುಂದಿನ ವರ್ಷದ ಧರ್ಮವಿಚಾರಣೆಯಲ್ಲಿ ಗೆಲಿಲಿಯೊನನ್ನು ಕಾಯಲಿಲ್ಲ.

ಆದರೂ ಅವನ ಸಮತಲ ಭೂಮಿಯ ದುಂಡಿಗೆ ಹೊಂದಿ ಬಾಗಿದ್ದೇ ಆಗಿತ್ತು. ಹಾಲೆಂಡಿನ ಐಸಾಕ್ ಬೇಕ್‌ಮನ್, ಒಮ್ಮೆ ಚಲಿಸಿದ್ದು ತಡೆಯಿಲ್ಲದೆ ನಿಲ್ಲದು ಎಂದು ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದ. 1618ರಲ್ಲಿ ಬ್ರೆಡಾ ಊರಿನಲ್ಲಿ ಅವನಿಗೆ ಸಿಕ್ಕ 22ರ ಫ್ರೆಂಚ್ ಸಿಪಾಯಿಯೇ ರೆನೆ ಡೆಕಾರ್ಟ್. ತಾನಾಗಿ ಹೋಗುವ ವಸ್ತು ನೇರಗೆರೆಯಲ್ಲೇ ಹೋಗುತ್ತದೆ ಎಂದು 1644ರಲ್ಲಿ ಅಚ್ಚು ಹಾಕಿಸಿದವನು ಅವನು.

ನ್ಯೂಟನ್ 1687ರಲ್ಲಿ ಕೆಪ್ಲರನ ಪದವನ್ನೇ ತೆಗೆದುಕೊಂಡ, ಅರ್ಥ ಬೇರೆ ಕೊಟ್ಟ. ನಿಂತದ್ದು ನಿಂತಿರಲು, ಓಡುವುದು ಓಡುತ್ತಿರಲು ವಸ್ತು ತೋರುವ ಹಟವೇ ಈಗ ಇನರ್ಷಿಯಾ. ತಾನು ಹೇಳುವುದು ಕೆಪ್ಲರನದ್ದಲ್ಲ ಎಂದು ತನ್ನ ಪ್ರತಿಯಲ್ಲಿ ಅವನೇ ಟಿಪ್ಪಣಿ ಹಾಕಿಕೊಂಡಿದ್ದಾನೆ. ಆದರೆ ಅವನೂ ಅದನ್ನು ವಸ್ತುವಿನೊಳಗಿನ ಒಂದು ಬಲ ಎಂದೇ ಕರೆದ. ನಮ್ಮ ಪಠ್ಯಪುಸ್ತಕಗಳು 'ಬಲ'ವನ್ನು ಕೈಬಿಟ್ಟಿವೆ, 'ಜಡ'ವನ್ನು ಉಳಿಸಿಕೊಂಡಿವೆ.